ಅತ್ತೆಯ ಶ್ವಾಸಕೋಶದ ಕ್ಯಾನ್ಸರ್, ಮೈಸೂರಿನ ಸೆಕೆಂಡ್ ಒಪಿನಿಯನ್: ಡಾಕ್ಟರಿಗೆ ಐದು ಸ್ಟಾರ್, ಕೌಂಟರಿಗೆ ಎರಡು

ಇದು ಮೈಸೂರಿನ ಒಂದು ಖಾಸಗಿ ಕ್ಯಾನ್ಸರ್ ಆಸ್ಪತ್ರೆಯ ಬಗ್ಗೆ. ಇಡೀ ಆಸ್ಪತ್ರೆ ಬಗ್ಗೆ ಅಲ್ಲ, ಅಲ್ಲಿ ಸೆಕೆಂಡ್ ಒಪಿನಿಯನ್ ಅಂತ ಪ್ರತ್ಯೇಕ ಫೀಸ್ ತೆಗೆದುಕೊಂಡು ಕೊಡುವ ಸೇವೆ ಇದೆಯಲ್ಲ, ಅದರ ಬಗ್ಗೆ. ಹೆಸರು ಹಾಕುತ್ತಿಲ್ಲ. ಹೊಗಳಿದ ಭಾಗ ಓದಿ ಜಾಹೀರಾತು ಅಂತೀರಿ, ಬೈದ ಭಾಗ ಓದಿ ಅವರ ಕಡೆಯಿಂದ ಫೋನ್ ಬರುತ್ತದೆ, ಅತ್ತೆ ಬೇರೆ ಇನ್ನೂ ಅಲ್ಲಿಗೇ ಹೋಗುತ್ತಿದ್ದಾರೆ. ಡಾಕ್ಟರ ಕೋಣೆಯ ಒಳಗೆ ಐದಕ್ಕೆ ಐದು. ಬಾಗಿಲು ದಾಟಿ ಹೊರಗೆ ಬಂದರೆ ಎರಡು, ಅದೂ ಪಾರ್ಕಿಂಗ್‌ಗೆ ಜಾಗ ಸಿಗುತ್ತದೆ ಅಂತ.

ಕೊಡಗಿನವರಿಗೆ ಇದು ಜಾಸ್ತಿ ಉಪಯೋಗ ಆಗಬಹುದು. ನಮ್ಮಲ್ಲಿ ಮನೆಯವರಿಗೆ ಈ ಕಾಯಿಲೆ ಬಂದರೆ ಮೊದಲ ಪ್ರಶ್ನೆ ಯಾವ ಔಷಧಿ ಅಂತಲ್ಲ, ಯಾವ ಕಡೆ ಇಳಿಯೋದು ಅಂತ. ರೈಲಿಲ್ಲ. ಮಡಿಕೇರಿಯವರು ಸಂಪಾಜೆ ಇಳಿದು ಮಂಗಳೂರು ಅನ್ನುತ್ತಾರೆ. ವಿರಾಜಪೇಟೆ ಕಡೆಯವರು ಮಾಕುಟ್ಟ ದಾಟಿ ತಲಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಅನ್ನುತ್ತಾರೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಯೇ ಬೇಕು ಅಂದರೆ ಬೆಂಗಳೂರಿನ ಕಿದ್ವಾಯಿ. ಸೋಮವಾರಪೇಟೆ ಕಡೆಯ ನಾವು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಹಿಡಿದು ಮೈಸೂರಿಗೆ ಹೋದೆವು. ಕಾರಣ ದೊಡ್ಡದೇನಲ್ಲ, ಅತ್ತೆಗೆ ಘಾಟಿಯ ತಿರುವಿನಲ್ಲಿ ವಾಂತಿ ಆಗುತ್ತದೆ.

ಅತ್ತೆಗೆ ಅರವತ್ತು ದಾಟಿದೆ. ಸಣ್ಣ ತೋಟ, ಕಾಫಿ, ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೂ ನೋಡಲು ಬಂದವರೆಲ್ಲ ದನಿ ಇಳಿಸಿ ಕೇಳೋದು ಒಂದೇ, "ಮನೇಲಿ ಯಾರಾದ್ರೂ ಸೇದ್ತಿದ್ರಾ?" ಸೇದದವರಿಗೂ ಈ ಕ್ಯಾನ್ಸರ್ ಬರುತ್ತದೆ, ಅದರಲ್ಲೂ ನಮ್ಮ ದೇಶದ ಹೆಂಗಸರಲ್ಲಿ. ಸೌದೆ ಒಲೆಯ ಹೊಗೆಯೂ ಒಂದು ಕಾರಣ ಇರಬಹುದು. ಆದರೆ ಒಬ್ಬರ ವಿಷಯದಲ್ಲಿ ಇದರಿಂದಲೇ ಬಂತು ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ ಅಂತ ಡಾಕ್ಟರು ಹೇಳಿದರು. ನನಗಂತೂ ಆ ಮಾತು ಇಷ್ಟವಾಯಿತು, ಯಾಕಂದ್ರೆ ಅಷ್ಟು ಹೊತ್ತಿಗೆ ಬಾವ, ಅಂದರೆ ಅತ್ತೆಯ ಮಗ, ತಮ್ಮ ಮನೆಯ ಒಲೆಯನ್ನೇ ಒಡೆದು ಹಾಕುವ ಮಟ್ಟಕ್ಕೆ ಬಂದಿದ್ದರು.

ಮೊದಲು ಆಗಿದ್ದು ಇಷ್ಟು. ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇಯಲ್ಲಿ ಬಲಗಡೆ ನೀರು. ಒಂದು ನರ್ಸಿಂಗ್ ಹೋಮಿನಲ್ಲಿ ನೀರು ತೆಗೆದು, ಟಿಬಿ ಇರಬೇಕು ಅಂತ ಮಾತ್ರೆ ಶುರು ಮಾಡಿದರು. ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ, ನೀರನ್ನು ಕ್ಯಾನ್ಸರ್ ಕಣ ಇದೆಯಾ ಅಂತ ಪರೀಕ್ಷೆಗೂ ಕಳಿಸಿರಲಿಲ್ಲ. ಆ ಮಾತ್ರೆಗೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಅತ್ತೆ ಅದನ್ನು ನೋಡಿಯೇ ಅರ್ಧ ಹೆದರಿದ್ದರು. ನೀರು ಮತ್ತೆ ತುಂಬಿತು, ಈ ಸಲ ರಕ್ತದ ಬಣ್ಣ. ನಮ್ಮಲ್ಲಿ ಟಿಬಿ ಜಾಸ್ತಿ ಇರೋದರಿಂದ ಶ್ವಾಸಕೋಶದ ಕ್ಯಾನ್ಸರನ್ನು ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಕಳೆಯೋದು ಹೊಸದಲ್ಲವಂತೆ. ಟಿಬಿ ಮಾತ್ರೆಗೆ ಕೆಮ್ಮು ಕಮ್ಮಿಯಾಗದೆ, ತೂಕ ಇಳೀತಾ ಇದ್ದರೆ ಸುಮ್ನೆ ಕೋರ್ಸ್ ಮುಗಿಯಲಿ ಅಂತ ಕಾಯಬೇಡಿ.

ಆಮೇಲೆ ಇನ್ನೊಂದು ಊರಿನ ದೊಡ್ಡ ಆಸ್ಪತ್ರೆ. ಅಲ್ಲಿ ಸ್ಕ್ಯಾನ್, ಪರೀಕ್ಷೆ ಎಲ್ಲ ಆಗಿ, ಅಡಿನೋಕಾರ್ಸಿನೋಮಾ ಅನ್ನುವ ಬಗೆಯ ಕ್ಯಾನ್ಸರ್, ನಾಲ್ಕನೇ ಹಂತ, ಸೋಮವಾರದಿಂದ ಕೀಮೋ ಅಂದರು. ಮಾತು ಮುಗಿಯೋಕೆ ಐದು ನಿಮಿಷ ಹಿಡಿಯಲಿಲ್ಲ. ಬಾವ ಅಡ್ವಾನ್ಸ್ ಕಟ್ಟಲು ಹೊರಟಿದ್ದರು. ಅಲ್ಲಿಂದಲೇ ಮೈಸೂರಿಗೆ ಫೋನ್ ಮಾಡಿ ಟೈಮ್ ತೆಗೆದುಕೊಂಡೆವು.

ಈಗ ಸೇವೆಯ ವಿಷಯ. ಫೋನಿನಲ್ಲಿ ಅವರು ಹೇಳಿದ ಮೊದಲ ಮಾತೇ ಚೆನ್ನಾಗಿತ್ತು: ರಿಪೋರ್ಟ್ ಒಂದೇ ತರಬೇಡಿ, ಸ್ಲೈಡ್, ಬ್ಲಾಕ್, ಸ್ಕ್ಯಾನಿನ ಸಿಡಿ ತನ್ನಿ. ಸ್ಲೈಡ್ ಅಂದರೆ ಮೈಕ್ರೋಸ್ಕೋಪಿನಲ್ಲಿ ನೋಡೋಕೆ ಕಣಗಳನ್ನು ಹಚ್ಚಿದ ಗಾಜಿನ ಪಟ್ಟಿ. ಬ್ಲಾಕ್ ಅಂದರೆ ದೇಹದಿಂದ ತೆಗೆದ ಚೂರನ್ನು, ಅಥವಾ ಅತ್ತೆಯ ವಿಷಯದಲ್ಲಿ ನೀರಿನಿಂದ ಸೋಸಿದ ಕಣಗಳನ್ನು, ಮೇಣದಲ್ಲಿ ಕೂರಿಸಿದ್ದು. ಬೆರಳುಗುರಿನಷ್ಟು ಮೇಣ, ಪ್ಲಾಸ್ಟಿಕ್ ಜಾಲರಿ ಡಬ್ಬಿಗೆ ಅಂಟಿರುತ್ತದೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ನಂಬರ್. ಮುಂದಿನ ಎಲ್ಲ ಪರೀಕ್ಷೆ ಅದರಿಂದಲೇ ಆಗಬೇಕು. ಹಳೆಯ ಆಸ್ಪತ್ರೆಯ ಲ್ಯಾಬಿನಿಂದ ಅದನ್ನು ಬಿಡಿಸಿಕೊಳ್ಳಲು ಪತ್ರ, ಸಹಿ, ಆಧಾರ್ ಪ್ರತಿ, ಮತ್ತೆ ಊಟದ ಹೊತ್ತು ಅಂತ ಓಡಾಡಿಸಿದರು. ಆದರೂ ಬಿಡಬೇಡಿ, ಕೇಳಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.

ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಸಿಡಿ ಹಾಕಿ ಸ್ಕ್ಯಾನನ್ನು ತಾವೇ ನೋಡಿದರು, ಹಳೆಯ ರಿಪೋರ್ಟ್ ಓದಿ ತಲೆಯಾಡಿಸಲಿಲ್ಲ. ಆಮೇಲೆ ಅತ್ತೆಯ ಫೈಲಿನ ಹಿಂದೆ ಎರಡು ಶ್ವಾಸಕೋಶ ಬರೆದರು. ಬಲಗಡೆ ಒಂದು ಚುಕ್ಕಿ, ಸುತ್ತ ಪೊರೆ, ಪೊರೆಯೊಳಗೆ ನೀರು. "ಗಡ್ಡೆ ಇಲ್ಲೇ ಇದ್ದಿದ್ದರೆ ಆಪರೇಷನ್ ಮಾತು ಆಡಬಹುದಿತ್ತು. ನೀರಿನಲ್ಲಿ ಕಣ ಸಿಕ್ಕಿದೆ, ಅದಕ್ಕೇ ನಾಲ್ಕನೇ ಹಂತ. ಕೊಯ್ದು ತೆಗೆದು ಪೂರ್ತಿ ಗುಣ ಮಾಡೋಕೆ ಆಗಲ್ಲ. ಹತೋಟಿಯಲ್ಲಿ ಇಡೋಕೆ ಆಗುತ್ತೆ. ಎಷ್ಟು ಕಾಲ ಅನ್ನೋದು ಇದು ಯಾವ ಜಾತಿಯ ಕ್ಯಾನ್ಸರ್ ಅನ್ನೋದರ ಮೇಲೆ ಹೋಗುತ್ತೆ." ನಾವು ಅಷ್ಟು ದಿನ ಕೇಳಿದ್ದು ನಾಲ್ಕನೇ ಹಂತ ಅನ್ನುವ ಎರಡು ಶಬ್ದ ಮಾತ್ರ. ಅದು ಯಾಕೆ ನಾಲ್ಕು ಅಂತ ಯಾರೂ ಹೇಳಿರಲಿಲ್ಲ.

ಜಾತಿಯ ಕಥೆ ಹೀಗೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎರಡು ದೊಡ್ಡ ಗುಂಪು. ಸ್ಮಾಲ್ ಸೆಲ್ ಸುಮಾರು ಶೇ 15, ಅದು ಬೇಗ ಬೆಳೆಯುತ್ತದೆ, ಅದರ ಚಿಕಿತ್ಸೆಯೇ ಬೇರೆ. ಉಳಿದ ಶೇ 85 ನಾನ್ ಸ್ಮಾಲ್ ಸೆಲ್, ಅಡಿನೋಕಾರ್ಸಿನೋಮಾ ಅದರ ಒಳಗೆ ಬರುತ್ತದೆ. ಅಡಿನೋ ಅಂತ ಗೊತ್ತಾದ ಮೇಲೆ ಇನ್ನೊಂದು ಮೆಟ್ಟಿಲು ಇದೆ, ಜೀನ್ ಪರೀಕ್ಷೆ. ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1, ಹೀಗೆ ಕೆಲವು ಹೆಸರು. ಇದು ಮಕ್ಕಳಿಗೆ ಹರಿದು ಬರುವ ಜೀನ್ ಅಲ್ಲ, ಗಡ್ಡೆಯೊಳಗೆ ಮಾತ್ರ ಆದ ಬದಲಾವಣೆ. ಬಾವನ ಮಗಳ ಮದುವೆ ಮಾತು ನಡೀತಾ ಇತ್ತು, ಹಾಗಾಗಿ ಈ ಒಂದು ವಾಕ್ಯವನ್ನು ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಭಾರತದ ಅಡಿನೋ ರೋಗಿಗಳಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರಲ್ಲಿ ಇಜಿಎಫ್‌ಆರ್ ಬದಲಾವಣೆ ಸಿಗುತ್ತದೆ, ಸೇದದ ಹೆಂಗಸರಲ್ಲಿ ಇನ್ನೂ ಜಾಸ್ತಿ. ಸಿಕ್ಕಿದರೆ ದಿನಕ್ಕೊಂದು ಮಾತ್ರೆಯಿಂದಲೇ ಚಿಕಿತ್ಸೆ ಶುರು ಮಾಡಬಹುದು.

"ಹಾಗಾದ್ರೆ ಸೋಮವಾರದ ಕೀಮೋ?" ಅಂತ ಬಾವ.

"ನಿಲ್ಲಿಸಿ. ರಿಪೋರ್ಟ್ ಬರಲಿ."

ನಾನು ಫೀಸ್ ಕೊಟ್ಟಿದ್ದು ಈ ಎರಡು ವಾಕ್ಯಕ್ಕೆ ಅಂದುಕೊಂಡಿದ್ದೇನೆ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಉಸಿರಾಟ ತೀರಾ ಕೆಟ್ಟಿರುವ ರೋಗಿಗೆ ಎರಡು ಮೂರು ವಾರ ಕಾಯೋಕೆ ಆಗಲ್ಲ, ಅವರಿಗೆ ಕೀಮೋ ಶುರು ಮಾಡಿಬಿಡಬೇಕಾಗುತ್ತದೆ, ಹಾಗಾಗಿ ಮೊದಲ ಆಸ್ಪತ್ರೆಯವರು ಹೇಳಿದ್ದು ಸುಳ್ಳಲ್ಲ ಅಂದರು. ಅತ್ತೆ ಓಡಾಡುತ್ತಿದ್ದಾರೆ, ತಾವೇ ಸ್ನಾನ ಮಾಡುತ್ತಾರೆ, ಅಡುಗೆಗೂ ಕೈ ಹಾಕುತ್ತಾರೆ. ಇಂಥವರು ಕಾಯಬಹುದು. ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ, ಅದರ ವಿಷಯದಲ್ಲಿ ಮಾತ್ರ ಆತುರ ಬೇಡವೇ ಬೇಡ ಅಂದರು. ಅದನ್ನು ಕೊಟ್ಟ ಮೇಲೆ ಇಜಿಎಫ್‌ಆರ್ ಮಾತ್ರೆಗೆ, ಅದರಲ್ಲೂ ಓಸಿಮರ್ಟಿನಿಬ್‌ಗೆ ಬಂದರೆ ಶ್ವಾಸಕೋಶ ಉರಿಯೂತದ ಅಪಾಯ ಜಾಸ್ತಿ. ಕಾಯುವ ಹೊತ್ತಿನಲ್ಲಿ ಸಣ್ಣ ಟ್ಯೂಬ್ ಹಾಕಿ ನೀರೆಲ್ಲ ಬಸಿದು, ಮತ್ತೆ ತುಂಬದ ಹಾಗೆ ಟಾಲ್ಕ್ ಪುಡಿ ಹಾಕಿ ಪೊರೆ ಅಂಟಿಸಿದರು. ಅತ್ತೆ ಆ ರಾತ್ರಿ ಬಹಳ ದಿನದ ಮೇಲೆ ಚಪ್ಪಟೆ ಮಲಗಿ ನಿದ್ದೆ ಮಾಡಿದರು. ಮೆದುಳಿನ ಎಂಆರ್‌ಐ ಕೂಡ ಆಯಿತು, ಅಲ್ಲಿ ಏನೂ ಇರಲಿಲ್ಲ.

ರಿಪೋರ್ಟ್ ಬಂತು. ಇಜಿಎಫ್‌ಆರ್, ಎಕ್ಸಾನ್ 19 ಡಿಲೀಶನ್. ಅಂದರೆ ಆ ಜೀನಿನ ಒಂದು ಚೂರು ಅಳಿಸಿ ಹೋಗಿದೆ, ಮಾತ್ರೆ ನಾಟುವ ಬಗೆ. ಈ ಭೇಟಿ ಮೊದಲಿನದಕ್ಕಿಂತ ಉದ್ದ, ನನ್ನ ಲೆಕ್ಕದಲ್ಲಿ ಇದೇ ಈ ಸೇವೆಯ ತಿರುಳು.

ಮೂರು ದಾರಿ ಅಂತ ಕಾಗದದಲ್ಲಿ ಬರೆದರು. ಒಂದು, ಜೆಫಿಟಿನಿಬ್ ಮಾತ್ರೆ ಮಾತ್ರ. ಇದು ಹಳೆಯದು, ಭಾರತದ ಕಂಪನಿಗಳೇ ಮಾಡುತ್ತವೆ, ಹಾಗಾಗಿ ಸಾಮಾನ್ಯ ಮನೆಯವರ ಕೈಗೆ ಎಟುಕುತ್ತದೆ. ಎರಡು, ಅದೇ ಮಾತ್ರೆಯ ಜೊತೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್ ಕೀಮೋ. ಇದನ್ನು ಪರೀಕ್ಷೆ ಮಾಡಿದ್ದು ಎಲ್ಲೋ ಅಮೆರಿಕದಲ್ಲಿ ಅಲ್ಲ, ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ, 350 ರೋಗಿಗಳ ಮೇಲೆ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಾತ್ರೆ ಒಂದನ್ನೇ ತೆಗೆದುಕೊಂಡವರಲ್ಲಿ ರೋಗ ಹತೋಟಿಯಲ್ಲಿದ್ದ ಮಧ್ಯಮ ಅವಧಿ 8 ತಿಂಗಳು, ಎರಡೂ ಕೊಟ್ಟವರಲ್ಲಿ 16. ಆದರೆ ಗಂಭೀರ ಅಡ್ಡಪರಿಣಾಮ ಶೇ 25ರಿಂದ ಶೇ 51ಕ್ಕೆ ಏರಿತು. ಇದನ್ನೂ ಅದೇ ಉಸಿರಿನಲ್ಲಿ ಹೇಳಿದರು, ಮುಚ್ಚಿಡಲಿಲ್ಲ. ಮೂರು, ಓಸಿಮರ್ಟಿನಿಬ್, ಹೊಸ ಮಾತ್ರೆ. ಹಳೆಯ ಮಾತ್ರೆಯ ಜೊತೆ ಹೋಲಿಸಿದ ದೊಡ್ಡ ಅಧ್ಯಯನದಲ್ಲಿ ರೋಗಿಗಳು ಬದುಕಿದ ಮಧ್ಯಮ ಅವಧಿ 38.6 ತಿಂಗಳು, ಹಳೆಯದರಲ್ಲಿ 31.8. ಮೆದುಳಿಗೂ ಇದು ಚೆನ್ನಾಗಿ ತಲುಪುತ್ತದೆ. ಬೆಲೆ ಮಾತ್ರ ಕೇಳಬೇಡಿ. 2024ರ ಬಜೆಟ್‌ನಲ್ಲಿ ಇದರ ಆಮದು ಸುಂಕ ತೆಗೆದರು, ಆದರೂ ನಮಗೆ ಹೇಳಿದ ಅಂಗಡಿ ಬೆಲೆ ತಿಂಗಳಿಗೆ ಲಕ್ಷ ದಾಟುತ್ತಿತ್ತು. ಕಂಪನಿಯ ನೆರವಿನ ಯೋಜನೆ ಇದೆ, ಅರ್ಜಿ ಹಾಕಬಹುದು ಅಂದರು.

ಮಧ್ಯಮ ಅವಧಿ ಅಂದರೆ ಗಡುವು ಅಲ್ಲ. ಅರ್ಧ ಜನ ಅದಕ್ಕಿಂತ ಮುಂದೆ ಹೋಗುತ್ತಾರೆ, ಅರ್ಧ ಜನ ಅಷ್ಟು ತಲುಪಲ್ಲ, ನಿಮ್ಮ ಅತ್ತೆ ಯಾವ ಅರ್ಧದಲ್ಲಿ ಅಂತ ಇವತ್ತು ನನಗೆ ಹೇಳೋಕೆ ಬರಲ್ಲ ಅಂದರು ಡಾಕ್ಟರು. ಜೀನ್ ಸಿಗದೇ ಇದ್ದಿದ್ದರೆ ಏನು ಅಂತ ನಾನು ಕೇಳಿದೆ, ಯಾಕಂದ್ರೆ ಹೊರಗೆ ಕೂತಿದ್ದ ಅರಕಲಗೂಡಿನವರೊಬ್ಬರದ್ದು ಅದೇ ಕಥೆ. ಆಗ ಪಿಡಿ-ಎಲ್1 ಅನ್ನುವ ಪರೀಕ್ಷೆ ನೋಡುತ್ತಾರೆ, ಆ ಹೆಸರಿನ ಪ್ರೋಟೀನ್ ಎಷ್ಟು ಕ್ಯಾನ್ಸರ್ ಕಣಗಳ ಮೇಲಿದೆ ಅಂತ. ಅದು ಶೇ 50 ಅಥವಾ ಮೇಲಿದ್ದರೆ ಕೆಲವರಿಗೆ ಇಮ್ಯುನೋಥೆರಪಿ ಒಂದೇ ಸಾಕಾಗಬಹುದು, ಕಮ್ಮಿ ಇದ್ದರೆ ಸಾಮಾನ್ಯವಾಗಿ ಕೀಮೋ ಜೊತೆ ಸೇರಿಸುತ್ತಾರೆ.

ಇನ್ನು ಅತ್ತೆಗೆ ಹೇಳೋದಾ ಬೇಡವಾ ಅನ್ನೋ ಗಲಾಟೆ. ಬಾವ ಮೊದಲೇ ಒಳಗೆ ಹೋಗಿ, "ಅಮ್ಮನ ಎದುರು ಕ್ಯಾನ್ಸರ್ ಅನ್ನಬೇಡಿ ಮೇಡಂ, ನೀರು ತುಂಬಿದೆ ಅಂತ ಮಾತ್ರ ಹೇಳಿ" ಅಂದಿದ್ದರು. ಡಾಕ್ಟರು ಆಯ್ತು ಅನ್ನಲೂ ಇಲ್ಲ, ಬೈಯಲೂ ಇಲ್ಲ. ಅತ್ತೆಯನ್ನು ಕೂರಿಸಿ ಕೇಳಿದರು, "ಅಮ್ಮಾ, ಕಾಯಿಲೆ ವಿಷಯ ನಿಮಗೇ ಹೇಳಲಾ, ಮಗನಿಗೆ ಹೇಳಿದ್ರೆ ಸಾಕಾ?"

ಅತ್ತೆ ಸೆರಗು ಸರಿ ಮಾಡಿಕೊಂಡು, "ನೀರು ತೆಗೆದ ದಿನವೇ ಗೊತ್ತಾಯ್ತು ಡಾಕ್ಟ್ರೇ. ಇವರು ಅಡುಗೆಮನೇಲಿ ಪಿಸಪಿಸ ಅಂತಿದ್ರು, ನಮ್ಮನೆ ಗೋಡೆ ಅಷ್ಟು ದಪ್ಪ ಇಲ್ಲ. ನನಗೇ ಹೇಳಿ" ಅಂದರು. ಬಾವ ಕಿಟಕಿ ಕಡೆ ತಿರುಗಿ ನಿಂತರು.

ಆಮೇಲೆ ಅತ್ತೆ ಕೇಳಿದ ಪ್ರಶ್ನೆ ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. "ಎರಡನೇದಕ್ಕೆ ಎಷ್ಟು ಸಲ ಮೈಸೂರಿಗೆ ಬರಬೇಕು?" ಮೂರು ವಾರಕ್ಕೊಮ್ಮೆ, ಮೊದಲು ನಾಲ್ಕು ಸಲ, ಆಮೇಲೆ ಒಂದೇ ಔಷಧಿ ಮುಂದುವರಿಸೋದು. ಬಾವ ಸಾಲ ಮಾಡಿಯಾದರೂ ಮೂರನೆಯದೇ ಅಂತ ಹಟ ಹಿಡಿದರು. ಅತ್ತೆ ಒಪ್ಪಲಿಲ್ಲ. "ನಾಲ್ಕು ಸಲ ಬರ್ತೀನಿ. ಆಮೇಲಿಂದು ಆಮೇಲೆ ಮಾತಾಡೋಣ. ತೋಟ ಅಡ ಇಟ್ಟು ಮಾತ್ರೆ ನುಂಗಿದ್ರೆ ನನಗೆ ದಕ್ಕಲ್ಲ" ಅಂದರು. ಡಾಕ್ಟರು ಅದನ್ನೇ ಬರೆದರು. ರೋಗ ಮುಂದೆ ಹಠ ಹಿಡಿದರೆ ಮತ್ತೆ ಪರೀಕ್ಷೆ ಮಾಡಿ, ಟಿ790ಎಂ ಅನ್ನುವ ಬದಲಾವಣೆ ಸಿಕ್ಕಿದರೆ ಓಸಿಮರ್ಟಿನಿಬ್ ಆಗಲೂ ಕೊಡಬಹುದು ಅಂತ ಬಾವನಿಗೆ ಸಮಾಧಾನ ಹೇಳಿದರು.

ಸಣ್ಣ ಸಣ್ಣ ವಿಷಯಕ್ಕೂ ಅಲ್ಲಿ ಗಮನ ಕೊಟ್ಟರು. ಅತ್ತೆ ವರ್ಷಗಟ್ಟಲೆಯಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ಗ್ಯಾಸ್ ಮಾತ್ರೆ ನುಂಗುವವರು. ಹೊಟ್ಟೆಯ ಆಮ್ಲ ಕಮ್ಮಿ ಮಾಡುವ ಮಾತ್ರೆ ಇದ್ದರೆ ಜೆಫಿಟಿನಿಬ್ ಸರಿಯಾಗಿ ಮೈಗೆ ಹತ್ತಲ್ಲವಂತೆ, ಅದನ್ನು ನಿಲ್ಲಿಸಿದರು. ಪೆಮೆಟ್ರೆಕ್ಸೆಡ್ ಶುರುವಾಗುವ ಮೊದಲೇ ಫೋಲಿಕ್ ಆಸಿಡ್ ಮತ್ತು ಬಿ12 ಇಂಜೆಕ್ಷನ್. ಮುಖದಲ್ಲಿ ಮೊಡವೆಯಂಥ ಗುಳ್ಳೆ ಬರುತ್ತದೆ, ಭೇದಿ ಆಗಬಹುದು, ಉಗುರಿನ ಬದಿ ಕೀವಾಗಬಹುದು ಅಂತ ಮೊದಲೇ ಹೇಳಿದ್ದರು. ಗುಳ್ಳೆ ಬಂದಾಗ ಅಕ್ಕಪಕ್ಕದವರು ಹೆದರಿದರು, ಅತ್ತೆ ಹೆದರಲಿಲ್ಲ. ಲಕ್ಷ್ಮಣಫಲದಿಂದ ಕ್ಯಾನ್ಸರ್ ವಾಸಿ ಅನ್ನುವ ವಾಟ್ಸಾಪ್ ಸಂದೇಶ ತೋರಿಸಿದ್ದಕ್ಕೆ ಡಾಕ್ಟರು ನಕ್ಕರು, ಹಣ್ಣು ತಿನ್ನಿ, ಅದರ ಎಲೆ ಕಷಾಯ ಬೇಡ ಅಂದರು. ಆಟಿ ತಿಂಗಳ ಹದಿನೆಂಟನೇ ದಿನ ನಮ್ಮ ಕಡೆ ಮಾಡುವ ಮದ್ದುಸೊಪ್ಪಿನ ಪಾಯಸ ಕುಡಿಯಬಹುದಾ ಅಂತ ಅತ್ತೆ ಕೇಳಿದಾಗ, ಅದೇನು ಅಂತ ಪೂರ್ತಿ ಕೇಳಿಸಿಕೊಂಡು, ವರ್ಷಕ್ಕೊಂದು ದಿನದ ಪಾಯಸ ಕುಡೀರಿ, ಸೊಪ್ಪಿನ ರಸ ದಿನಾ ಔಷಧಿ ಅಂತ ಬೇಡ ಅಂದರು. ಮೈಸೂರಿನ ಡಾಕ್ಟರು ಮದ್ದುಸೊಪ್ಪಿನ ಬಗ್ಗೆ ಅಷ್ಟು ತಾಳ್ಮೆಯಿಂದ ಕೂತಿದ್ದೇ ನನಗೆ ಆಶ್ಚರ್ಯ.

ಪ್ಯಾಲಿಯೇಟಿವ್ ವಿಭಾಗಕ್ಕೂ ಮೊದಲ ತಿಂಗಳೇ ಕಳಿಸಿದರು. ಆ ಬೋರ್ಡ್ ನೋಡಿ ಬಾವ, "ಅಂದ್ರೆ ಕೈ ಬಿಟ್ಟರಾ?" ಅಂದರು. ಹಾಗಲ್ಲ. ನೋವು, ಕೆಮ್ಮು, ನಿದ್ದೆ, ಮನೆಯವರ ದಿಗಿಲು, ಇವನ್ನೆಲ್ಲ ನೋಡುವವರು ಅವರು, ಚಿಕಿತ್ಸೆಯ ಜೊತೆಜೊತೆಗೇ. 2010ರಲ್ಲಿ ಬಾಸ್ಟನ್‌ನ ಒಂದು ಆಸ್ಪತ್ರೆ ಇಂಥದ್ದೇ ಕಾಯಿಲೆಯ 151 ಜನರ ಮೇಲೆ ಪ್ರಕಟಿಸಿದ ಅಧ್ಯಯನ ಇದೆ. ಮೊದಲಿನಿಂದಲೇ ಈ ಆರೈಕೆ ಸಿಕ್ಕವರು ನೆಮ್ಮದಿಯಾಗಿದ್ದರು ಮಾತ್ರವಲ್ಲ, ಬದುಕಿದ ಮಧ್ಯಮ ಅವಧಿಯೂ 8.9 ತಿಂಗಳಿಂದ 11.6ಕ್ಕೆ ಹೋಗಿತ್ತು. ಇಲ್ಲಿನ ನರ್ಸ್ ಅತ್ತೆಗೆ ಫ್ಯಾನ್ ಮುಖಕ್ಕೆ ಹಿಡಿದು ಮುಂದಕ್ಕೆ ಬಾಗಿ ಕೂತು ಉಸಿರು ಬಿಡೋದು ಹೇಳಿಕೊಟ್ಟರು. ಮನೆಯಲ್ಲಿ ಈಗ ಆ ಸಣ್ಣ ಬ್ಯಾಟರಿ ಫ್ಯಾನ್ ಅತ್ತೆಯ ಸೊಂಟದಲ್ಲೇ ಇರುತ್ತದೆ.

ಇಷ್ಟು ಹೊಗಳಿಕೆ ಸಾಕು.

ಬಿಲ್ಲಿಂಗ್ ಕೌಂಟರಿನಲ್ಲಿ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯಲ್ಲ. ಪೆಟ್ ಸ್ಕ್ಯಾನ್ ದಿನ ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಬನ್ನಿ ಅಂದರು, ಒಳಗೆ ಕರೆದಿದ್ದು ಮಧ್ಯಾಹ್ನ. ಸಕ್ಕರೆ ಕಾಯಿಲೆ ಇರುವ ಹೆಂಗಸು, ಕತ್ತಲೆಯಲ್ಲೇ ಮನೆ ಬಿಟ್ಟು ಬಂದವರು. ಕೇಳಿದರೆ "ಮೆಷಿನ್ ಸರ್ವಿಸ್" ಅಂತ ಒಂದೇ ಮಾತು. ಕಾಯುವ ಹಾಲಿನಲ್ಲಿ ಸ್ಟೀಲ್ ಕುರ್ಚಿ, ಎದೆಯಲ್ಲಿ ನೀರು ಇರುವವರು ಒರಗಿ ಕೂರೋಕೆ ಆಗಲ್ಲ, ದಿಂಬು ತೆಗೆದುಕೊಂಡು ಹೋಗಿ. ಟಿವಿಯಲ್ಲಿ ದಿನವಿಡೀ ಕಿರುಚಾಡುವ ನ್ಯೂಸ್. ರಿಪೋರ್ಟ್ ಎಲ್ಲ ಇಂಗ್ಲಿಷ್, ಕನ್ನಡದಲ್ಲಿ ಒಂದು ಪುಟದ ಸಾರಾಂಶ ಕೊಟ್ಟರೆ ಇವರ ಗಂಟೇನು ಹೋಗುತ್ತದೆ? ಔಷಧಿ ಅಂಗಡಿಯಲ್ಲಿ ಒಂದೇ ಬ್ರಾಂಡಿನ ಜೆಫಿಟಿನಿಬ್ ಇದೆ ಅಂದರು. ಹೊರಗೆ ಅದೇ ಮಾತ್ರೆ ಬೇರೆ ಕಂಪನಿಯದ್ದು ಎಷ್ಟೋ ಕಮ್ಮಿಗೆ ಸಿಕ್ಕಿತು. ಡಾಕ್ಟರಿಗೆ ತೋರಿಸಿಯೇ ತೆಗೆದುಕೊಂಡೆವು. ಅಪಾಯಿಂಟ್‌ಮೆಂಟ್ ನಂಬರ್ ಹತ್ತು ಗಂಟೆಗೆ ಮುಂಚೆ ಯಾರೂ ಎತ್ತಲ್ಲ, ಹತ್ತರ ಮೇಲೆ ಎಂಗೇಜ್.

ಅತಿ ದೊಡ್ಡ ತಲೆನೋವು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷ ಮಿತಿ. ತೋಟ ಇದೆ ಅಂತ ಅತ್ತೆಯದ್ದು ಎಪಿಎಲ್. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಅದನ್ನು ಇಲ್ಲಿನ ಕೌಂಟರಿನವರು ಮೊದಲ ದಿನ ಬಾಯಿಬಿಟ್ಟು ಹೇಳಲಿಲ್ಲ. ಬಾವ ಒಂದು ಕಾಗದಕ್ಕೋಸ್ಕರ ಮತ್ತೆ ಮಡಿಕೇರಿಗೆ ಹೋಗಬೇಕಾಯಿತು, ಅದೂ ಕಾಫಿ ಕೊಯ್ಲಿನ ಹೊತ್ತಿನಲ್ಲಿ, ಆಳು ಸಿಗದೆ ಹಣ್ಣು ಉದುರುತ್ತಿದ್ದಾಗ. ನೀವು ಮೈಸೂರಿಗೆ ಹೊರಡುವ ಮೊದಲೇ ಆ ಪತ್ರ ಮಾಡಿಸಿಕೊಳ್ಳಿ.

ಯಾರು ಹೋಗಬೇಕು? ಜೀನ್ ರಿಪೋರ್ಟ್ ಇಲ್ಲದೆ ನಾಲ್ಕನೇ ಹಂತದ ಅಡಿನೋಗೆ ಚಿಕಿತ್ಸೆ ಶುರು ಅಂತ ಹೇಳಿಸಿಕೊಂಡವರು, ರೋಗಿ ಓಡಾಡುವ ಸ್ಥಿತಿಯಲ್ಲಿದ್ದರೆ, ಖಂಡಿತ ಹೋಗಿ. ಮೊದಲ ಆಸ್ಪತ್ರೆಯಲ್ಲೇ ಜೀನ್, ಪಿಡಿ-ಎಲ್1 ಎಲ್ಲ ಮಾಡಿ, ಕೂರಿಸಿ ಹೇಳಿದ್ದರೆ ಇಲ್ಲಿ ಹೊಸದೇನೂ ಸಿಗಲ್ಲ, ಪೆಟ್ರೋಲ್ ಉಳಿಸಿ. ಉಸಿರಾಟಕ್ಕೆ ತುಂಬಾ ಕಷ್ಟ ಇದ್ದರೆ ಮೂರು ಗಂಟೆ ಕಾರಿನಲ್ಲಿ ಕೂರಿಸಬೇಡಿ, ಮೊದಲು ಹತ್ತಿರದಲ್ಲೇ ನೀರು ತೆಗೆಸಿ. ಮತ್ತೆ, ಸೆಕೆಂಡ್ ಒಪಿನಿಯನ್ ಫೀಸ್‌ನಲ್ಲಿ ಜೀನ್ ರಿಪೋರ್ಟ್ ಬಂದ ಮೇಲಿನ ಭೇಟಿಯೂ ಸೇರಿದೆ. ಕೌಂಟರಿನಲ್ಲಿ ಮತ್ತೆ ದುಡ್ಡು ಕೇಳುತ್ತಾರೆ, ನಮ್ಮನ್ನೂ ಕೇಳಿದರು. ರಸೀದಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ಬರೆದಿದೆ, ತಿರುಗಿಸಿ ತೋರಿಸಿ.